ಕೆಂಪಮ್ಮನ ಮನೆಯ ಎರಡು ಓಟು

ಇಪ್ಪತ್ತೆರಡು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನಿಗೆ ರಾಜಕೀಯ ಅಂದರೇನೆಂದು ಗೊತ್ತಿರಲಿಲ್ಲ ಅಂದರೆ ನೀವು ನಗುತ್ತೀರಿ. ನಗಿ. ಎರಡು ಅಂಕದ ಉತ್ತರವನ್ನೇನೋ ನಿದ್ದೆಯಲ್ಲೂ ಹೇಳುತ್ತಿದ್ದೆ. ಅರ್ಥ ಸ್ವಲ್ಪ ಹತ್ತಿದ್ದು ಹಳೇಕೋಟೆ ಕಡೆಯ ಒಂದೂರಿನಲ್ಲಿ, ಮಟಮಟ ಮಧ್ಯಾಹ್ನ, ಮೈ ಜುಮ್ಮೆಂದ ಮೇಲೆ.

ಮತದಾರರ ಪಟ್ಟಿ ಸರಿಮಾಡಲು ನನ್ನನ್ನು ಮನೆಮನೆಗೆ ಅಟ್ಟಿದ್ದರು. ಹದಿನೆಂಟು ತುಂಬಿದವರನ್ನು ಸೇರಿಸಬೇಕು, ಸತ್ತವರನ್ನು ತೆಗೆಯಬೇಕು. ಚಿತ್ರಗುಪ್ತನ ಕೆಲಸವೇ, ಅವನಿಗೆ ಬಿಸಿಯೂಟದ ಉಸ್ತುವಾರಿ ಇರಲಿಲ್ಲ, ಅಷ್ಟೆ.

ಕೆಂಪಮ್ಮನ ಗಂಡ ನಂಜೇಗೌಡರು ತೀರಿಕೊಂಡು ವರ್ಷವಾಗಿತ್ತು. ಹೆಸರು ತೆಗೆಯುವ ಅರ್ಜಿಗೆ ಹೆಬ್ಬೆಟ್ಟು ಒತ್ತಿ ಅಂದೆ. ಆಕೆ ಆಗಲ್ಲ ಅನ್ನಲಿಲ್ಲ. ಕಾಫಿ ಮಾಡಿ ಮೂರು ಲೋಟಕ್ಕೆ ಬಗ್ಗಿಸಿದಳು. ನನಗೊಂದು, ತನಗೊಂದು. ಮೂರನೆಯದನ್ನು ನಡುಮನೆಯ ಕತ್ತಲೆಗೆ ಒಯ್ದಿಟ್ಟು ಬಂದು ಕೂತಳು.

ಆಕೆಯ ತವರು ಚನ್ನರಾಯಪಟ್ಟಣದ ಕಡೆ. ಅವರದೊಂದು ಪಕ್ಷ, ಗಂಡನ ಮನೆಯವರದು ಇನ್ನೊಂದು. ನಲವತ್ತು ವರ್ಷ ಇಬ್ಬರೂ ಒಟ್ಟಿಗೇ ಹೋಗಿ ಒಬ್ಬರ ಓಟನ್ನು ಇನ್ನೊಬ್ಬರು ಹೊಡೆದುಹಾಕಿ ಬಂದಿದ್ದರಂತೆ. ಚುನಾವಣೆ ಇಲ್ಲದ ದಿನ ಬಚ್ಚಲ ನೀರು ಯಾವ ಕಡೆ ಬಿಡಬೇಕು, ಯಾರ ಮನೆ ಮದುವೆಗೆ ಮೊದಲು ಹೋಗಬೇಕು ಅಂತ ಜಗಳ. ಒಂದು ದಿನವೂ ಮನೆಯಲ್ಲಿ ಮಾತು ನಿಂತಿರಲಿಲ್ಲವಂತೆ.

"ಎಸ್ರು ತಗದ್ಬುಟ್ರೆ ಅವ್ರು ಎಲ್ಲಿಗೋಗ್ಬೇಕು ಸಾ?" ಅಂದಳು.

ನಾನು ನಿಯಮ ಹೇಳಲು ಬಾಯಿ ತೆರೆದೆ. ನಡುಮನೆಯಲ್ಲಿ ಯಾರೋ ಕೆಮ್ಮಿದರು.

ಕೆಂಪಮ್ಮ ಬೆಚ್ಚಲಿಲ್ಲ. "ಅವ್ರು ಒಪ್ಪಾಕಿಲ್ಲ ಕಣ್ ಸಾ. ದಿನಾ ಇದೇ ಆಗೋಯ್ತು," ಎಂದು ಎದ್ದು ಹೋಗಿ ಲೋಟ ತಂದಳು. ಖಾಲಿಯಾಗಿತ್ತು. ಬಗ್ಗಿ ನೋಡಬಹುದಿತ್ತು. ನೋಡಲಿಲ್ಲ, ನೋಡಿದ್ದರೆ ಬರೆದುಕೊಳ್ಳಲು ನನ್ನ ಅರ್ಜಿಯಲ್ಲಿ ಜಾಗವೂ ಇರಲಿಲ್ಲ. ಬೈಕು ಹತ್ತಿ ಎರಡು ಊರು ದಾಟುವವರೆಗೆ ಹಿಂದಿನ ಸೀಟು ಭಾರವಾಗಿದೆ ಅನ್ನಿಸುತ್ತಿತ್ತು.

ಆದರೂ ನಾನು ಸರ್ಕಾರಿ ನೌಕರ. ಪಂಚಾಯಿತಿಯಿಂದ ಮರಣ ಪ್ರಮಾಣಪತ್ರ ತರಿಸಿ ಹೆಸರು ತೆಗೆಸಿದೆ. ಆಕೆಗೆ ಹೇಳಲು ಮಾತ್ರ ಧೈರ್ಯವಾಗಲಿಲ್ಲ.

ಮತದಾನದ ದಿನ ಶಾಲೆಯ ಹೊರಗೆ ಪಟ್ಟಿ ಹಿಡಿದು ಕೂತಿದ್ದೆ. ಹನ್ನೊಂದರ ಹೊತ್ತಿಗೆ ಬಂದ ಕೆಂಪಮ್ಮ ಎರಡು ಚೀಟಿ ಕೇಳಿದಳು. ತಲೆ ತಗ್ಗಿಸಿ ಒಂದೇ ಕೊಟ್ಟೆ, ನಾನು ಮಾಡಿದ್ದನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಳಗೆ ಹೋದಳು.

ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದವಳು ನನ್ನ ಮೇಜಿನ ಮುಂದೆ ನಿಂತಳು. ಕೇಳದೆಯೇ ಹೇಳಿದಳು: "ಅವ್ರ ಓಟ್ ಆಕ್ಬುಟ್ಟೆ ಸಾ. ನಂದು ಅಂಗೇ ಉಳ್ಕತು. ನಲವತ್ ವರ್ಷ ಗೆಲ್ಲಾಕೆ ಬುಡ್ಲಿಲ್ಲ. ಈಗ ಒಬ್ಳೇ ಗೆದ್ದು ಏನ್ ಮಾಡ್ಲಿ?"

ಬಿಸಿಲಿನಲ್ಲಿ ಆಕೆ ರಸ್ತೆಯ ಒಂದು ಅಂಚಿಗೆ ಸರಿದು, ಪಕ್ಕದಲ್ಲಿ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು ಹೋದಳು. ತಿರುವಿನಲ್ಲಿ ಆ ಜಾಗದ ಕಡೆ ತಿರುಗಿ, ಮಸಿಯ ಬೆರಳು ಆಡಿಸುತ್ತಾ ಏನನ್ನೋ ಜೋರಾಗಿ ವಾದಿಸುತ್ತಿದ್ದಳು.

ಸಂಜೆ ಮನೆಗೆ ಬಂದಾಗ ಯಾರಿಗೆ ಹಾಕಿದಿರಿ ಅಂತ ಹೆಂಡತಿ ಕೇಳಿದಳು. ತಾನು ಹಾಕಿದವರ ಹೆಸರನ್ನೂ ಹೇಳಿದಳು. ಬೆಳಿಗ್ಗೆ ನಾನೂ ಅವರಿಗೇ ಒತ್ತಿ ಬಂದಿದ್ದೆ. ಇಲ್ಲ, ಇನ್ನೊಬ್ಬರಿಗೆ ಅಂದೆ. ಊಟ ಮುಗಿಯುವವರೆಗೂ ತರಾಟೆಗೆ ತೆಗೆದುಕೊಂಡಳು. ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಕೇಳುತ್ತಾ ಕೂತೆ.