ಹಳೆ ಗೋಡೆಯ ಜಲ್ಲಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕ್ಯೂಬಕ್ಕ ಎಂದೇ ಕರೆಯುತ್ತಿದ್ದರು. ರಸ್ತೆಗೋ ಕಟ್ಟಡಕ್ಕೋ ಹಾಕಿದ ಕಾಂಕ್ರೀಟನ್ನು ಚೌಕದ ಅಚ್ಚಿನಲ್ಲಿ ತುಂಬಿ ಕಳಿಸುತ್ತಾರೆ. ಆ ಕ್ಯೂಬುಗಳನ್ನು ಇಪ್ಪತ್ತೆಂಟು ದಿನ ತೊಟ್ಟಿಯ ನೀರಿನಲ್ಲಿಟ್ಟು, ಯಂತ್ರದಡಿ ಒಡೆದು, ಎಷ್ಟು ಭಾರ ತಡೆದವೆಂದು ಬರೆದು ಸಹಿ ಹಾಕುವುದು ಅವಳ ಕೆಲಸ.

ಮೊದಲು ಅವಳು ಅಲ್ಲಿಗೆ ಬಂದದ್ದು ಕಸ ಗುಡಿಸಲಿಕ್ಕೆ. ಒಂದು ದಿನ ಒಡೆದ ಚೂರನ್ನು ತಿರುಗಿಸಿ ನೋಡುತ್ತಿದ್ದಾಗ ಇಂಜಿನಿಯರ್ ಕೇಳಿದ್ದರು: "ಏನಮ್ಮಾ ಕಾಣ್ಸುತ್ತೆ ಅದ್ರಲ್ಲಿ?"

"ನೀರು ಜಾಸ್ತಿ ಆಗಿದೆ ಸಾರ್. ಎಲ್ಲಾ ತೂತು ತೂತು."

ಮಾರನೆಯ ದಿನದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು. ಹನ್ನೆರಡು ವರ್ಷ ಅವರೇ ಕೂರಿಸಿಕೊಂಡು ಕಲಿಸಿದರು. ಅವರ ಮಾತನ್ನು ಅವಳು ಎಂದೂ ತಿರುಗಿಸಿ ಕೇಳಿದವಳಲ್ಲ.

ರಸ್ತೆ ಅಗಲ ಮಾಡಲು ಮನೆಗಳ ಒಂದು ಸಾಲನ್ನೇ ಕೆಡವಿದರು. ಗಾರೆ ಕೆಲಸದ ಅಪ್ಪ ಕಟ್ಟಿ ಬಿಟ್ಟುಹೋದ ಅವಳ ಮನೆಯೂ ಅದರಲ್ಲಿತ್ತು. ಆ ಅವಶೇಷವನ್ನು ಪುಡಿಮಾಡಿ, ತೊಳೆದು, ಜರಡಿ ಹಿಡಿದು, ಹೊಸ ಜಲ್ಲಿಯ ಜೊತೆ ಕಾಲುಭಾಗ ಬೆರೆಸೋಣ ಎಂದವರು ಇಂಜಿನಿಯರೇ. "ಅಷ್ಟಾದ್ರೂ ಬೆಟ್ಟ ಕಡಿಯೋದು ತಪ್ಪುತ್ತೆ" ಎಂದಿದ್ದರು. ಐದು ತಿಂಗಳು ಅವಳು ಅದೇ ಗುಂಗಿನಲ್ಲಿ ಬೆರೆಸಿದಳು, ಒಡೆದಳು, ಮತ್ತೆ ಬೆರೆಸಿದಳು. ಕೊನೆಗೂ ಹದ ಸಿಕ್ಕಿತು. ಕಣ್ಣೊರೆಸಿಕೊಳ್ಳುತ್ತಿದ್ದ ಅಮ್ಮನಿಗೆ, "ಅಪ್ಪನ ಗೋಡೆ ಎಲ್ಲೂ ಹೋಗಲ್ಲಮ್ಮ, ಇದೇ ರಸ್ತೇಲಿ ಇರುತ್ತೆ" ಎಂದಳು.

ಆ ಹದದಲ್ಲೇ ರಸ್ತೆ ಹಾಕುವುದೆಂದಾಯಿತು. ರಸ್ತೆಯದೆಂದು ಇಂಜಿನಿಯರ್ ಕಳಿಸಿದ ಕ್ಯೂಬುಗಳೆಲ್ಲ ಪಾಸಾದವು. ಅವಳು ಸಹಿ ಹಾಕಿದಳು.

ನಾಲ್ಕೇ ತಿಂಗಳಿಗೆ ಬಸ್ ನಿಲ್ದಾಣದ ಎದುರು ರಸ್ತೆ ಹಿಟ್ಟಿನಂತೆ ಉದುರತೊಡಗಿತು. "ಕಸ ತುಂಬಿ ರಸ್ತೆ ಮಾಡಿದ್ರೆ ಇನ್ನೇನಾಗುತ್ತೆ" ಎಂದು ಜನ ಆಡಿಕೊಂಡು ನಕ್ಕರು. ಅವಳು ಹೋಗಿ ಕಿತ್ತುಬಂದ ಹೆಂಟೆಯೊಂದನ್ನು ಎತ್ತಿಕೊಂಡಳು. ಒಳಗೆ ಮಣ್ಣಿತ್ತು, ಬಣ್ಣ ಹೋಗದ ಗಿಲಾವಿನ ಚಕ್ಕೆಗಳಿದ್ದವು, ಒಂದು ಮರದ ಚೂರೂ ಇತ್ತು. ಯಾರೂ ಏನನ್ನೂ ತೊಳೆದಿರಲಿಲ್ಲ.

ವಾಪಸು ಬಂದು, ಹಿತ್ತಲಲ್ಲಿ ಗುಡ್ಡೆ ಹಾಕಿದ್ದ ಅದೇ ರಸ್ತೆಯ ಒಡೆದ ಕ್ಯೂಬುಗಳನ್ನು ಕೆದಕಿದಳು. ಎಲ್ಲದರಲ್ಲೂ ಬರೀ ಹೊಸ ಜಲ್ಲಿ. ಹಳೆ ಗೋಡೆಯ ಒಂದು ಕಲ್ಲೂ ಇಲ್ಲ. ಸಾರ್ ಕಳಿಸಿದ್ದಾರೆಂದು ಯಂತ್ರದ ಮುಳ್ಳನ್ನಷ್ಟೇ ನೋಡಿದ್ದಳು, ಚೂರುಗಳನ್ನು ನೋಡಿರಲಿಲ್ಲ.

"ಸಾರ್, ಈ ಕ್ಯೂಬು ಆ ರಸ್ತೇದಲ್ಲ."

ಅವರು ಕಾಗದದಿಂದ ತಲೆ ಎತ್ತಲಿಲ್ಲ. "ತೊಳೆಯೋಕೆ ಟೈಮಿರ್ಲಿಲ್ಲಮ್ಮ. ಮೇಲಿನವರು ಕುತ್ತಿಗೆ ಮೇಲೆ ಕೂತಿದ್ರು. ಕ್ಯೂಬು ಬೇರೆ ಕಡೆ ಮಾಡಿಸ್ದೆ."

"ಮತ್ತೆ ನನ್ ಸಹಿ ಯಾಕೆ ಬೇಕಿತ್ತು?"

"ನಿನ್ ಸಹಿ ಇದ್ರೆ ಯಾರೂ ಎರಡನೇ ಸಲ ನೋಡಲ್ಲ. ಅಷ್ಟು ಒಳ್ಳೆ ಹೆಸರು ನಿಂದು." ಹೊಗಳುವಂತೆಯೇ ಹೇಳಿದರು. ಆಮೇಲೆ ಮೆಲ್ಲಗೆ, "ಆ ಹೆಸರು ಬರೋ ಹಾಗೆ ಮಾಡಿದ್ದೂ ನಾನೇ ಅಲ್ವೇನಮ್ಮ?"

ಹನ್ನೆರಡು ವರ್ಷದ ಪಾಠವೆಲ್ಲ ಇದಕ್ಕೇ ಏನೋ ಅನ್ನಿಸಿತು ಅವಳಿಗೆ.

ಅವಳು ತನ್ನ ತಪ್ಪನ್ನೂ ಸೇರಿಸಿ ಮೇಲಧಿಕಾರಿಗಳಿಗೆ ಪತ್ರ ಬರೆದಳು. ರಸ್ತೆ ಕೊರೆದು ಪರೀಕ್ಷಿಸಿದಾಗ ಬಲ ಅರ್ಧಕ್ಕರ್ಧ ಕಡಿಮೆ ಬಂತು. ಇಂಜಿನಿಯರಿಗೆ ವರ್ಗವಾಯಿತು, ಅವಳಿಗೆ ಎಚ್ಚರಿಕೆ ಪತ್ರ ಸಿಕ್ಕಿತು. ಜೊತೆಗೆ ಇನ್ನೊಂದು ಆದೇಶವೂ ಬಂತು: ಇನ್ನು ಮುಂದೆ ಹಳೆ ಅವಶೇಷ ಯಾವ ಕೆಲಸಕ್ಕೂ ಬಳಸಕೂಡದು. ಅವಳು ಕಂಡುಹಿಡಿದ ಹದವನ್ನು ರಸ್ತೆಯಲ್ಲಿ ಯಾರೂ ಪರೀಕ್ಷಿಸಲೇ ಇಲ್ಲ. ಬೆಟ್ಟದಿಂದ ಹೊಸ ಜಲ್ಲಿಯ ಲಾರಿಗಳು ಮತ್ತೆ ಸಾಲುಗಟ್ಟಿ ಬಂದವು.

ಈಗ ಅಚ್ಚು ಹೊತ್ತುಕೊಂಡು ಅವಳೇ ಕೆಲಸದ ಜಾಗಕ್ಕೆ ಹೋಗುತ್ತಾಳೆ. "ನಾವೇ ಕಳಿಸ್ತೀವಿ ಬಿಡಕ್ಕ, ಬಿಸಿಲಲ್ಲಿ ಯಾಕೆ" ಎಂದು ಅಲ್ಲಿನ ಕೆಲಸದವರು ಹೇಳಿದರೆ ಕೇಳುವುದಿಲ್ಲ.

ಹಳೆಯ ಇಂಜಿನಿಯರ್ ಒಮ್ಮೆ ಫೋನ್ ಮಾಡಿದ್ದರು. "ಹೇಗಿದ್ದೀಯಮ್ಮ?"

"ಕೆಲಸ ಇದೆ ಸಾರ್" ಎಂದು ಇಟ್ಟುಬಿಟ್ಟಳು. ಅಭ್ಯಾಸಬಲದಿಂದ 'ಸಾರ್' ಎಂದುಬಿಟ್ಟೆನಲ್ಲ ಎಂದು ಸಂಜೆಯವರೆಗೂ ತನ್ನನ್ನೇ ಬೈದುಕೊಂಡಳು.