ಕಪ್ಪು ಕಿಟಕಿಯ ಒಬ್ಬರೇ ಬಳಕೆದಾರರು

ಮಯೂರಿ ನೋಯ್ಡಾದ ಒಂದು ಸಣ್ಣ ಕಂಪನಿಯಲ್ಲಿ ಚಾಟ್ ಆ್ಯಪ್ ಒಂದನ್ನು ನೋಡಿಕೊಳ್ಳುತ್ತಾಳೆ. ಆ್ಯಪ್ ಒಂದೇ, ಮುಖ ನಾಲ್ಕು. ಆಂಡ್ರಾಯ್ಡ್ ಫೋನಿಗೆ, ಐಫೋನಿಗೆ, ಬ್ರೌಸರಿಗೆ ಒಂದೊಂದು. ನಾಲ್ಕನೆಯದು ಚಿತ್ರವಿಲ್ಲದ, ಬರೀ ಅಕ್ಷರಗಳ ಸಾಲು ಮೂಡುವ ಕಪ್ಪು ಕಿಟಕಿ. ಸಂದೇಶ ಕಳಿಸುವ, ತರುವ, ಕಾಪಾಡುವ ಕೆಲಸ ಒಳಗೆ ಒಂದೇ ಕಡೆ ನಡೆಯುತ್ತದೆ. ಆದರೆ ಅಲ್ಲಿ ಒಂದು ಮೊಳೆ ಅಲುಗಿದರೂ ನಾಲ್ಕು ಮುಖಗಳನ್ನೂ ಸರಿಮಾಡಬೇಕು.

ಹೊಸ ಆವೃತ್ತಿ ಹೊರಡುವ ಮುನ್ನ ಅವಳು ನಾಲ್ಕೂ ಮುಖಗಳಿಂದ 'ಪರೀಕ್ಷೆ' ಎಂಬ ಗುಂಪಿಗೆ ಒಂದೇ ವಾಕ್ಯ ಕಳಿಸುತ್ತಾಳೆ: "ಊಟ ಆಯ್ತಾ?" ಒತ್ತಕ್ಷರ ಎಲ್ಲ ಕಡೆ ಸರಿಯಾಗಿ ಕೂತರೆ ಕೆಲಸ ಮುಗಿಯಿತು. ಹಳೆಯದು ಹೊಸದರ ಜೊತೆ ಕಲಸಿಹೋಗದಿರಲೆಂದು ಪ್ರತಿ ಸಲವೂ ತೆರೆಯನ್ನು ಖಾಲಿ ಮಾಡಿಯೇ ಶುರುಮಾಡುವುದು. ದಾವಣಗೆರೆಯಲ್ಲಿ ಬಿಎಸ್ಸಿ ಓದುವಾಗ ಪ್ರಯೋಗಾಲಯದಲ್ಲಿ ಬಂದ ಅಭ್ಯಾಸ ಅದು.

ಚಳಿಗಾಲದ ಒಂದು ಬೆಳಿಗ್ಗೆ ತಂಡದ ಮುಖ್ಯಸ್ಥ ರಘುನಂದನ್ ಕೇಳಿದರು. "ಮಯೂರಿ, ಕಪ್ಪು ಕಿಟಕಿಗೆ ಎಷ್ಟು ಜನ?"

"ಒಬ್ಬರು, ಸರ್."

"ಒಬ್ಬರಿಗೋಸ್ಕರ ನೀವು ಇಷ್ಟು ಒದ್ದಾಡೋದಾ? ಅಚ್ಛಾ, ಮುಂದಿನ ಆವೃತ್ತಿಯಲ್ಲಿ ತೆಗೆದುಬಿಡಿ. ಅವರಿಗೆ ಫೋನಿಂದು ಹಾಕ್ಕೊಳ್ಳೋಕೆ ಹೇಳಿ."

ಮಯೂರಿಗೆ ಒಳಗೊಳಗೇ ಹಗುರವಾಯಿತು. ಆದರೆ ಹೇಳದೆ ಮುಚ್ಚುವುದು ಅವಳಿಗೆ ಒಗ್ಗದು. ಆ ಒಬ್ಬರು ಎಲ್ಲಿ ಸಿಗುತ್ತಾರೆಂದು ಹುಡುಕಿದಳು. ಸಿಕ್ಕಿದ್ದು ಅವಳದೇ 'ಪರೀಕ್ಷೆ' ಗುಂಪಿನಲ್ಲಿ! ಕಪ್ಪು ಕಿಟಕಿ ತೆರೆದವರು ನೇರ ಆ ಗುಂಪಿಗೇ ಸೇರಲಿ ಎಂದು, ತನ್ನ ಅನುಕೂಲಕ್ಕೆ, ಅವಳೇ ಶುರುವಿನಲ್ಲಿ ಕೋಡ್ ಬರೆದಿದ್ದಳು. ಆಮೇಲೆ ತೆಗೆಯಲು ಮರೆತಿದ್ದಳು. ಈಗ ಹಳೆಯ ಸಂದೇಶಗಳನ್ನು ಸರ್ವರಿನಿಂದ ತರಿಸಿ ನೋಡಿದರೆ, ಅವಳ ಪ್ರಶ್ನೆಗಳ ಕೆಳಗೆಲ್ಲ, ತೆರೆ ಖಾಲಿ ಮಾಡುವಾಗ ಅವಳು ನೋಡದೆಯೇ ಅಳಿಸಿದ್ದ ಉತ್ತರಗಳಿದ್ದವು.

"ಆಯ್ತು. ಇವತ್ತು ಚಿತ್ರಾನ್ನ. ನಿಮ್ಮದು?"

"ಆಯ್ತು ಕಣ್ರೀ, ಎಷ್ಟು ಸಲ ಕೇಳ್ತೀರಿ?"

"ಇಬ್ಬರಿಗೂ ಜ್ವರ. ಬರೀ ಗಂಜಿ. ಕೇಳಿದಿರಲ್ಲ, ಅದೇ ಸಂತೋಷ."

ಅವಳು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಓದಿದಳು. ಆಮೇಲೆ ತಾನು ಯಾರೆಂದು ಬರೆದು, ಒಮ್ಮೆ ಮಾತಾಡಬೇಕಿತ್ತು ಎಂದಳು. ಉತ್ತರ ಕೂಡಲೇ ಬಂತು. "ದೆಹಲಿಯ ಹೌಜ್ ಖಾಸ್‌ನಲ್ಲಿದ್ದೇವೆ. ಭಾನುವಾರ ಊಟಕ್ಕೇ ಬನ್ನಿ. ಚಿದಂಬರ."

ಭಾನುವಾರ ಅವಳು ನೋಯ್ಡಾದ ಬಟಾನಿಕಲ್ ಗಾರ್ಡನ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಹೋದಳು. ಬಾಗಿಲು ತೆರೆದ ಹೆಂಗಸು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದರು. ನಕ್ಕು, ಮಾತಾಡದೆ ಒಳಗೆ ಕರೆದರು. ಹಾಲ್‌ನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಚಿದಂಬರ ಅವರು ಹೆಜ್ಜೆ ಸದ್ದು ಬಂದತ್ತ ಮುಖ ತಿರುಗಿಸಿದರು. ಕಂಪ್ಯೂಟರಿನ ಪರದೆಗೆ ಬಟ್ಟೆ ಹೊದಿಸಿತ್ತು.

"ಪರದೆ ನನಗೆ ಬೇಡಮ್ಮ. ಗ್ಲಾಕೋಮಾದಲ್ಲಿ ಕಣ್ಣು ಹೋಯ್ತು. ಇಂದಿರಾಗೆ ಗಂಟಲ ಆಪರೇಷನ್ನಿನಲ್ಲಿ ದನಿ ಹೋಯ್ತು. ಒಳ್ಳೇ ಜೋಡಿ!"

ಅಡುಗೆಮನೆಯಿಂದ ಇಂದಿರಾ ಫೋನಿನಲ್ಲಿ ಏನೋ ಟೈಪ್ ಮಾಡಿದರು. ಕಪ್ಪು ಕಿಟಕಿಗೆ ಬಂದ ಆ ಸಾಲನ್ನು ಕಂಪ್ಯೂಟರಿನ ಸ್ಪೀಕರ್ ಒಣ ಗಂಡುದನಿಯಲ್ಲಿ ಓದಿತು: "ಹುಡುಗಿಗೆ ಮೊದಲು ನೀರು ಕೊಡಿ. ಭಾಷಣ ಆಮೇಲೆ."

"ಕೇಳಿದಿರಾ? ಗಂಡಸಿನ ದನಿಯಲ್ಲಿ ಹೆಂಡತಿ ಹತ್ರ ಬೈಸ್ಕೋತೀನಿ," ಎಂದು ನಕ್ಕರು.

ಕೆಳಗೆ ತರಕಾರಿ ಗಾಡಿ ಬಂತು. ಇಂದಿರಾ ಬಾಲ್ಕನಿಗೆ ಹೋಗಿ ಬುಟ್ಟಿ ಇಳಿಬಿಟ್ಟರು. ಸ್ಪೀಕರ್ ಹೇಳಿತು: "ಕೊತ್ತಂಬರಿ ಹಾಕಿಲ್ಲ." ಚಿದಂಬರ ಕೂತಲ್ಲಿಂದಲೇ ಕೂಗಿದರು. "ಭಯ್ಯಾ, ಧನಿಯಾ ಭೀ ಡಾಲ್ ದೇನಾ!" ಬುಟ್ಟಿ ಕೊತ್ತಂಬರಿಯೊಂದಿಗೆ ಮೇಲೆ ಬಂತು.

ಮಯೂರಿ ಕೇಳಿದಳು. "ಸರ್, ನೀವೂ ನಮ್ಮ ಫೋನ್ ಆ್ಯಪ್ ಬಳಸಬಹುದಲ್ಲ?"

"ನೋಡಿದ್ದೀನಿ. ಬೆರಳಿಟ್ಟಲ್ಲೆಲ್ಲ ಫೋನಿನ ದನಿ ಬಟನ್, ಬಟನ್, ಬಟನ್ ಅನ್ನುತ್ತೆ. ಯಾವ ಬಟನ್ನು ಅಂತ ಹೇಳಲ್ಲ."

ಅವಳ ಕಿವಿ ಬಿಸಿಯಾಯಿತು. ಆ ಬಟನ್‌ಗಳಿಗೆ ಹೆಸರು ಕೊಡದೆ ಬಿಟ್ಟವಳು ಅವಳೇ. "ಇಲ್ಲಾಂದ್ರೆ ಇಂದಿರಾ ಅಮ್ಮನ ಫೋನೇ ಗಟ್ಟಿಯಾಗಿ ಓದೋ ಹಾಗೆ ಮಾಡಬಹುದು."

"ಅದು ಓದಿದರೆ ಮುಗೀತು. ಇಲ್ಲಿ ಬಾಣದ ಕೀ ಒತ್ತಿದರೆ ಅವಳ ಮಾತು ಒಂದೊಂದು ಸಾಲೂ ವಾಪಸ್ ಬರುತ್ತೆ. ಅವಳು ಮಾರ್ಕೆಟ್‌ಗೆ ಹೋದಾಗ ನಿನ್ನೆ ಹೇಳಿದ್ದನ್ನ ಕೇಳ್ತಾ ಕೂತಿರ್ತೀನಿ."

ಸ್ಪೀಕರ್ ನಡುವೆ ಬಾಯಿ ಹಾಕಿತು. "ಬೈದದ್ದನ್ನ ಬಿಟ್ಟು. ಹೊಗಳಿದ್ದನ್ನ ಮಾತ್ರ ಕೇಳ್ತಾರೆ."

ಊಟವಾದ ಮೇಲೆ ಮಯೂರಿ ಹೇಳಲೇಬೇಕಾಯಿತು. ಕಪ್ಪು ಕಿಟಕಿಯನ್ನು ಮುಂದಿನ ಆವೃತ್ತಿಯಲ್ಲಿ ತೆಗೆಯುವುದೆಂದು ತೀರ್ಮಾನವಾಗಿದೆ. ಚಿದಂಬರ ಮೇಜಿನ ಅಂಚನ್ನು ಸವರಿದರು. ಇಂದಿರಾ ಫೋನಿನಲ್ಲಿ ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿದರು. ಕೊನೆಗೆ ಸ್ಪೀಕರ್ ಅದೇ ಒಣ ದನಿಯಲ್ಲಿ ಕೇಳಿತು: "ಯಾವತ್ತಿಂದ?"

"ನಾಳೆ ಆಫೀಸಿನಲ್ಲಿ ಮಾತಾಡ್ತೀನಿ ಅಮ್ಮ," ಎಂದಳು ಮಯೂರಿ.

ಸೋಮವಾರ ರಘುನಂದನ್ ವಿಚಾರಿಸಿದರು. "ಆ ಒಬ್ಬರಿಗೆ ಹೇಳಿದ್ರಾ?"

"ಹೇಳಿದೆ, ಸರ್. ಆದರೆ ನಾನು ಕೊಟ್ಟ ಲೆಕ್ಕ ಸರಿಯಿಲ್ಲ. ಕಿಟಕಿಯ ಮುಂದೆ ಕೂತವರನ್ನಷ್ಟೇ ಎಣಿಸಿದ್ದೆ. ಅದರಲ್ಲಿ ಮಾತಾಡೋರು ಇನ್ನೊಬ್ಬರಿದ್ದಾರೆ." ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಕೊತ್ತಂಬರಿಯನ್ನೂ ಬಿಡಲಿಲ್ಲ.

ರಘುನಂದನ್ ಕನ್ನಡಕ ತೆಗೆದು ಒರೆಸಿದರು. "ನಿಮಗೇ ಕೆಲಸ ಜಾಸ್ತಿ."

"ಪ್ರತಿ ಆವೃತ್ತಿಗೆ ಅರ್ಧ ದಿನ. ಮಾಡ್ತೀನಿ."

"ಚಲೋ, ಇರಲಿ. ಮೊದಲು ಆ ಬಟನ್‌ಗಳಿಗೆ ಹೆಸರು ಹಾಕಿ. ನಾಚಿಕೆಗೇಡು."

ಅವಳು ಬಟನ್‌ಗಳಿಗೆ ಹೆಸರು ಕೊಟ್ಟಳು. ಹೊಸಬರು ತಂತಾನೇ ಪರೀಕ್ಷೆಯ ಗುಂಪಿಗೆ ಸೇರುವುದನ್ನು ನಿಲ್ಲಿಸಿದಳು. ಚಿದಂಬರ ಅವರನ್ನೂ ಆ ಗುಂಪಿನಿಂದ ತೆಗೆಯಲೇ ಎಂದು ಕೇಳಿದಾಗ ಅವರು, "ಬೇಡ, ಇಂದಿರಾಳನ್ನೂ ಸೇರಿಸಿ" ಎಂದರು.

ಹೊಸ ಆವೃತ್ತಿ ಸಿದ್ಧವಾದ ಮಧ್ಯಾಹ್ನ ನಾಲ್ಕು ಮುಖಗಳಿಂದಲೂ "ಊಟ ಆಯ್ತಾ?" ಹೋಯಿತು. ಈಗ ಅವಳು ತೆರೆಯನ್ನು ಖಾಲಿ ಮಾಡುವುದಿಲ್ಲ. ಒತ್ತಕ್ಷರ ಎಲ್ಲ ಕಡೆ ಸರಿಯಾಗಿ ಕೂತಿತ್ತು. ಅದರ ಕೆಳಗೆ ಇಂದಿರಾ ಬರೆದರು: "ನಮ್ಮದಾಯ್ತು. ನೀನು ಬರೀ ಕೇಳ್ತೀಯ, ನಿನ್ನದು ಒಂದಿನವೂ ಹೇಳಲ್ಲ."

ಮೇಜಿನ ಮೇಲೆ ಮಯೂರಿಯ ಡಬ್ಬಿ ಮುಚ್ಚಿಯೇ ಇತ್ತು. ಹೌಜ್ ಖಾಸ್‌ನ ಆ ಹಾಲ್‌ನಲ್ಲಿ ಗಟ್ಟಿಯಾಗಿ ಕೇಳಿಸುತ್ತದೆಂದು ಗೊತ್ತಿದ್ದೇ ಟೈಪ್ ಮಾಡಿದಳು: "ಇನ್ನೂ ಇಲ್ಲ, ಅಮ್ಮ. ಈಗ ಕೂತೆ." ಆಮೇಲೆ ಡಬ್ಬಿಯ ಮುಚ್ಚಳ ತೆಗೆದಳು.