ಕಸಿಲ್ದಾ ಮತ್ತು ಗಾಳಿಯಿಲ್ಲದ ಡ್ರಮ್ಮು

ಇಪ್ಪತ್ತು ವರ್ಷ ಕಸಿಲ್ದಾ ಒಂದು ಡ್ರಮ್ಮನ್ನು ಸಾಕಿದಳು. ಮ್ಯಾಡ್ರಿಡ್ಡಿನ ಪ್ರಯೋಗಶಾಲೆಯೊಂದರಲ್ಲಿರುವ, ಇಬ್ಬರು ಆರಾಮಾಗಿ ಮಲಗಬಹುದಾದ ಉಕ್ಕಿನ ಡ್ರಮ್ಮು. ಗಾಳಿಯನ್ನೆಲ್ಲ ಹೀರಿ ತೆಗೆದರೆ ಒಳಗೆ ಪುಟ್ಟ ಬಾಹ್ಯಾಕಾಶ. ಅಲ್ಲಿ ಕೊಳವೆಯೊಂದು ಅಯಾನುಗಳೆಂಬ ವಿದ್ಯುತ್ ಕಣಗಳನ್ನು ಉಗುಳುತ್ತದೆ. ಎದುರಿಗೆ ನೂಲಿಗೆ ತೂಗುಬಿಟ್ಟ ಬಿಲ್ಲೆ ಯಾರ ಕೈಯೂ ತಾಗದೆ ಹಿಂದಕ್ಕೆ ಸರಿಯುತ್ತದೆ. ಮೇಲೆ ಆಕಾಶದಲ್ಲಿ ಬುಗುರಿಯಂತೆ ತಿರುಗುವ ಸತ್ತ ಉಪಗ್ರಹಗಳನ್ನು ಹಿಡಿಯಹೋದರೆ ಹಿಡಿದ ಯಂತ್ರದ ಕೈಯೇ ಮುರಿದೀತು. ಅದಕ್ಕೇ ದೂರ ನಿಂತು, ಊದಿದ ಹಾಗೆ ಮೆಲ್ಲಗೆ ಆಚೆ ತಳ್ಳುವ ಹಂಚಿಕೆ ಅಲ್ಲಿನವರದು.

ಗಂಡ ಎವರಿಸ್ತೊಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಅವನು ಬಸ್ಸು ಓಡಿಸಿ ನಿವೃತ್ತನಾದವನು.

"ನಾನು ಇಡೀ ಊರನ್ನ ಬಸ್ಸಲ್ಲಿ ಸುತ್ತಿಸ್ದೆ. ನೀನು ಏನನ್ನ ಅಲ್ಲಾಡ್ಸಿದೆ, ಹೇಳು ನೋಡೋಣ?" ಎಂದು ಊಟಕ್ಕೆ ಕೂತಾಗಲೆಲ್ಲ ಕೆಣಕುತ್ತಿದ್ದ.

ಕಸಿಲ್ದಾ ನಗುತ್ತಿದ್ದಳು. ಆದರೆ ಆ ಮಾತು ನಿಜಕ್ಕೂ ಚುಚ್ಚುತ್ತಿತ್ತು. ಕೆಲಸದ ಕೊನೆಯ ದಿನ ಅವನನ್ನು ಎಳೆದುಕೊಂಡೇ ಬಂದಳು. ಇವತ್ತು ತೋರಿಸದಿದ್ದರೆ ಇನ್ನೆಂದೂ ತೋರಿಸುವಂತಿರಲಿಲ್ಲ.

ಮಾಮೂಲಿ ಬಿಲ್ಲೆ ಭಾರ. ಅದು ಸರಿದದ್ದು ಯಂತ್ರಕ್ಕಷ್ಟೇ ತಿಳಿಯುವುದು. ಹಾಗಾಗಿ ಕಸಿಲ್ದಾ ಕೈಗವಸು ತೊಟ್ಟು, ಹೊಸ ಸುರುಳಿಯಿಂದ ಅಲ್ಯೂಮಿನಿಯಂ ಹಾಳೆ ಕತ್ತರಿಸಿ, ಹಗುರವಾದೊಂದು ಡಬ್ಬಿ ಮಾಡಿ ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಹತ್ತೂವರೆ. ಆಕಾಶವೇ ಕಳಚಿ ಬೀಳಲಿ, ಆ ಹೊತ್ತಿಗೆ ಇಡೀ ಪ್ರಯೋಗಶಾಲೆ ಬೊಕಾಡಿಯೊ ಎಂಬ ಹೂರಣ ತುಂಬಿದ ಬ್ರೆಡ್ಡು ತಿನ್ನಲು ಎದ್ದು ಹೋಗುತ್ತದೆ.

ಆಲೂಗಡ್ಡೆ ಆಮ್ಲೆಟ್ಟು ತುಂಬಿದ ತನ್ನ ಬ್ರೆಡ್ಡನ್ನು ಗಬಗಬ ಮುಗಿಸಿ ಎಲ್ಲರಿಗಿಂತ ಮೊದಲು ವಾಪಸು ಬಂದವನು ಎವರಿಸ್ತೊ. ಕುರ್ಚಿ ಎಳೆದು ಕೂತ. ಮೊಣಕೈ ಸೀದಾ ಡಬ್ಬಿಯ ಮೇಲೆ. ಚಪ್ಪಟೆ! ಗಾಬರಿಬಿದ್ದು, ಬ್ರೆಡ್ಡು ಸುತ್ತಿ ತಂದಿದ್ದ ಅಲ್ಯೂಮಿನಿಯಂ ಹಾಳೆಯನ್ನೇ ಜೇಬಿನಿಂದ ತೆಗೆದು, ಅಂಥದೇ ಇನ್ನೊಂದು ಡಬ್ಬಿ ಮಡಚಿಟ್ಟು, ಏನೂ ಅರಿಯದವನಂತೆ ಶಿಳ್ಳೆ ಹಾಕತೊಡಗಿದ.

ಉಳಿದವರೂ ಬಂದು ಡಬ್ಬಿಯನ್ನು ತೂಗುಹಾಕಿ, ಡ್ರಮ್ಮು ಮುಚ್ಚಿ, ಪಂಪು ಹಚ್ಚಿದರು. ಒತ್ತಡದ ಮುಳ್ಳು ಅರ್ಧಕ್ಕೆ ಇಳಿದು ನಿಂತುಬಿಟ್ಟಿತು.

"ಒಳಗೆ ಎಣ್ಣೆ ಹೋಗಿದೆ, ಅದರ ಆವಿ ಮುಳ್ಳನ್ನ ಇಳಿಯೋಕೆ ಬಿಡ್ತಿಲ್ಲ," ಎಂದಳು ಕಸಿಲ್ದಾ. "ಯಾರು ಮುಟ್ಟಿದ್ದು?"

ಎವರಿಸ್ತೊ ಚಾವಣಿ ನೋಡಿದ.

"ಏಯ್, ಇಲ್ಲಿ ನೋಡು. ಏನ್ ಮಾಡ್ದೆ?"

"ನಿನ್ ಡಬ್ಬಿ ನಜ್ಜುಗುಜ್ಜಾಯ್ತು. ಬ್ರೆಡ್ ಸುತ್ತಿದ್ ಹಾಳೇಲಿ ಬೇರೆ ಮಾಡಿಟ್ಟೆ. ಒಂಚೂರು ಆಲಿವ್ ಎಣ್ಣೆ ಕಣೇ! ಅಷ್ಟಕ್ಕೆಲ್ಲ ಮುನಿಸ್ಕೊಳ್ಳೋದಾ ಈ ಡ್ರಮ್ಮು?"

"ಮುನಿಸ್ಕೊಳ್ಳುತ್ತೆ. ಅದಕ್ಕೆ ನಿನಗಿಂತ ಮಾನ ಇದೆ!"

ಎಂಜಿನಿಯರ್ ಫೆರ್ಮಿನ್ ನಗು ತಡೆದುಕೊಂಡ. "ಒರೆಸಿ, ಮತ್ತೆ ಗಾಳಿ ತೆಗೆಯೋಷ್ಟರಲ್ಲಿ ಸಂಜೆ ಆಗುತ್ತೆ ಕಸಿಲ್ದಾ. ನಿನ್ನ ಬೀಳ್ಕೊಡುಗೆ ಪಾರ್ಟಿ?"

"ಪಾರ್ಟಿ ಕಾಯುತ್ತೆ. ಈ ಮನುಷ್ಯ ಇನ್ನೊಂದ್ಸಲ ಬರಲ್ಲ."

ಗಂಡನ ಕೈಗೂ ಗವಸು ತುರುಕಿ ಡ್ರಮ್ಮಿನೊಳಕ್ಕೆ ತಳ್ಳಿದಳು. ಇಬ್ಬರೂ ಮಂಡಿಯೂರಿ ಮೂಲೆಮೂಲೆಯನ್ನೂ ಸ್ಪಿರಿಟ್ಟಿನಿಂದ ಒರೆಸಿದರು. ಎವರಿಸ್ತೊನ ಸೊಂಟ ಹಿಡಿಯಿತು; ಗೊಣಗುವ ಧೈರ್ಯ ಬರಲಿಲ್ಲ.

ಸಂಜೆಗೆ ಮುಳ್ಳು ಕೆಳಗಿಳಿಯಿತು. ಫೆರ್ಮಿನ್ ಕೊಳವೆ ಹಚ್ಚಿದ. ಗಾಜಿನ ಕಿಟಕಿಯಾಚೆ ನೀಲಿ ಬೆಳಕು ಹರಡಿತು. ಕಸಿಲ್ದಾ ಹೊಸದಾಗಿ ಮಾಡಿ ತೂಗುಹಾಕಿದ್ದ ಡಬ್ಬಿ ಮೆಲ್ಲಗೆ ಹಿಂದಕ್ಕೆ ವಾಲಿತು.

"ಹೋಯ್ತು! ಹೋಯ್ತು ಕಣೇ! ಯಾರೂ ಮುಟ್ಲೇ ಇಲ್ಲ!" ಎಂದು ಎವರಿಸ್ತೊ ಮಗುವಿನಂತೆ ಕೂಗಿದ.

ಕಸಿಲ್ದಾಳಿಗೆ ಎದೆಯ ಭಾರ ಇಳಿದಂತಾಯಿತು. "ಈಗಲಾದ್ರೂ ನಂಬ್ತೀಯಾ?"

"ನಂಬ್ದೆ ಮಾರಾಯ್ತಿ! ಅತ್ತ ಯಾಕೆ ತಿರುಗಿ ನಿಂತಿದ್ದೀಯಾ? ಬಾ, ನೋಡು."

"ನಾನು ಮುಳ್ಳು ನೋಡ್ಬೇಕು ಕಣೋ. ಅದು ಏರಿದ್ರೆ ತಕ್ಷಣ ಆರಿಸ್ಬೇಕು. ಡ್ರಮ್ ನೋಡ್ಕೊಳ್ಳೋರು ಇದರಿಂದ ಕಣ್ಣು ತೆಗೆಯೋ ಹಾಗಿಲ್ಲ."

"ಅಂದ್ರೆ... ಇಷ್ಟು ವರ್ಷ ನೀನೇ ನೋಡಿಲ್ವಾ?"

"ಇಲ್ಲ."

ಎವರಿಸ್ತೊ ಕಿಟಕಿ ಬಿಟ್ಟು ಬಂದ. "ಆಚೆ ಸರಿ. ಮುಳ್ಳು ನೋಡ್ತಾನೇ ಬಸ್ಸೋಡಿಸ್ದೋನು ನಾನು. ಎಲ್ಲಿ ದಾಟಬಾರ್ದು, ತೋರ್ಸು."

ಕೆಂಪು ಗೆರೆ ತೋರಿಸಿ ಕಸಿಲ್ದಾ ಗಾಜಿಗೆ ಹಣೆ ಒತ್ತಿದಳು. ಫೆರ್ಮಿನ್ ಕೊಳವೆ ಆರಿಸಿ ಮತ್ತೆ ಹಚ್ಚಿದ. ಡಬ್ಬಿ ತನ್ನ ಜಾಗಕ್ಕೆ ಬಂದು, ಇನ್ನೊಮ್ಮೆ ಹಿಂದಕ್ಕೆ ಸರಿಯಿತು.

"ಕಾಣ್ತಾ?" ಎಂದ ಎವರಿಸ್ತೊ, ಮುಳ್ಳಿನಿಂದ ಕಣ್ಣು ಕೀಳದೆ.

"ಒಂದ್ನಿಮಿಷ ಸುಮ್ನಿರು," ಎಂದಳು ಕಸಿಲ್ದಾ. ಗಾಜಿನಿಂದ ಹಣೆ ಎತ್ತಲಿಲ್ಲ.